ಮೊದಲ ಬಸ್ಸಿನ ಡ್ರೈವರ್ ಮಾಮ

ಕಳೆದ ವಾರ ಚನ್ನಗಿರಿಯ ಸಂತೆಯಲ್ಲಿ ಹೂವಿನವಳು ಎರಡು ಮಾರು ಸೇವಂತಿಗೆ ಅಳೆದುಕೊಟ್ಟು, "ಇದೂ ಇರ್ಲಿ ಮೇಡಂ, ಬರೀ ಹೂವು ಏನು ಚಂದ" ಎಂದು ಒಂದು ಹಿಡಿ ದವನವನ್ನು ನನ್ನ ಚೀಲಕ್ಕೆ ತುರುಕಿದಳು. ಕೇಳದೇ ಕೊಟ್ಟದ್ದು, ಬೇಡ ಅನ್ನಲಿಲ್ಲ. ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಚೀಲ ಬಿಚ್ಚಿದೆ. ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ಸಾಸ್ವೆಹಳ್ಳಿ ಕಡೆಯಿಂದ ಹೊನ್ನಾಳಿಗೆ ಹೋಗುತ್ತಿದ್ದ ಬೆಳಗಿನ ಮೊದಲ ಬಸ್ಸು ಕಣ್ಣಮುಂದೆ ಬಂದು ನಿಂತಿತು. ಬಸ್ಸು ಬಂದಮೇಲೆ ಡ್ರೈವರ್ ಮಾಮ ಬರದೇ ಇರುತ್ತಾರೆಯೇ... ಕೈಯಲ್ಲಿದ್ದ ಹೂವನ್ನು ಅಲ್ಲೇ ಬಿಟ್ಟು ಕೂತೆ.

ಅದು ಖಾಸಗಿ ಬಸ್ಸು. ಸಾಸ್ವೆಹಳ್ಳಿಯ ಆಚೆಯ ಅವರ ಊರಿನಲ್ಲೇ ರಾತ್ರಿ ನಿಲ್ಲುತ್ತಿತ್ತು, ಬೆಳಿಗ್ಗೆ ನಮ್ಮೂರಿಗೆ ಬಂದು ನಮ್ಮನ್ನು ತುಂಬಿಕೊಂಡು ಹೊನ್ನಾಳಿಗೆ, ಅಲ್ಲಿಂದ ನ್ಯಾಮತಿಗೆ ಹೋಗುತ್ತಿತ್ತು. ದಿನವೂ ಹೊರಡುವ ಮುಂಚೆ ಮಾಮ ಗಾಜಿನ ಮೇಲಿನ ದೇವರ ಪಟಕ್ಕೆ ಹೊಸ ಹಾರ ಹಾಕುತ್ತಿದ್ದರು. ದವನ ಸಿಗುವ ಕಾಲದಲ್ಲಿ ಆ ಹಾರದ ನಡುನಡುವೆ ದವನದ ಕಡ್ಡಿ ಇರಲೇಬೇಕು. ಹಾರ ಕಟ್ಟುವವನು ಮರೆತರೆ ಅವತ್ತು ಅವನಿಗೆ ಗ್ರಹಚಾರ. ಡೀಸೆಲ್ಲು, ಊದುಬತ್ತಿ, ದವನ ಮೂರೂ ಸೇರಿದ ಆ ಗಾಳಿಯಲ್ಲಿ ನಾನು ಪಿಯುಸಿ ಎರಡು ವರ್ಷ ಓದಿದ್ದೇನೆ. ಓದಿದ್ದೇನೆ ಎಂದರೆ ಅಕ್ಷರಶಃ ಓದಿದ್ದು, ಬಸ್ಸಿನ ಬಾನೆಟ್ ಮೇಲೆ ಕೂತು, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು.

ಬಾನೆಟ್ ಎಂದರೆ ಡ್ರೈವರ್ ಪಕ್ಕದಲ್ಲಿ ಎಂಜಿನ್ ಮುಚ್ಚಿರುವ ಉಬ್ಬು. ಅದರ ಮೇಲೆ ರಗ್ಗಿನ ತುಂಡೊಂದು ಹಾಸಿರುತ್ತಿತ್ತು. ಚಳಿಗಾಲದಲ್ಲಿ ಕೆಳಗಿನಿಂದ ಬೆಚ್ಚಗೆ ಬರುತ್ತಿತ್ತು, ಬೇಸಿಗೆಯಲ್ಲಿ ಸುಡುತ್ತಿತ್ತು. ಆ ಜಾಗ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಮಾತ್ರ ಎಂದು ಮಾಮನೇ ಕಾನೂನು ಮಾಡಿದ್ದರು. ಯಾರಾದರೂ ಗಂಡಸರು ಬಂದು ಕೂರಲು ನೋಡಿದರೆ ತಲೆ ತಿರುಗಿಸದೇ, "ಹಿಂದೆ ಬಾಳ ಜಾಗ ಐತ್ರಿ, ಅಲ್ಲಿ ಗಾಳೀನೂ ಬರ್ತೈತೆ" ಅನ್ನುತ್ತಿದ್ದರು. ಹಿಂದೆ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ಬಾಗಿಲಲ್ಲಿ ಜೋತಾಡುವ ಹುಡುಗರಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚು.

ನನ್ನನ್ನು ಕಾಲೇಜಿಗೆ ಕಳಿಸುವ ಮನಸ್ಸು ಅಪ್ಪನಿಗೆ ಇರಲಿಲ್ಲ. ಹತ್ತನೇ ಕ್ಲಾಸು ಪಾಸಾದದ್ದೇ ದೊಡ್ಡದು, ದಿನಾ ಬಸ್ಸಿನಲ್ಲಿ ಗಂಡಸರ ನಡುವೆ ನುಗ್ಗಿಕೊಂಡು ಹೋಗುವ ಉಸಾಬರಿ ಯಾಕೆ ಎಂಬುದು ಅವರ ವಾದ. ಒಂದು ದಿನ ನಮ್ಮೂರ ಕಟ್ಟೆಯ ಹತ್ತಿರ ಟೀ ಕುಡಿಯುತ್ತಾ ಈ ಮಾತು ಬಂದಾಗ ಡ್ರೈವರ್ ಮಾಮ ಅಲ್ಲೇ ಇದ್ದರಂತೆ. "ಹುಡುಗೀನ ನನ್ನ ಬಸ್ಸಿಗೆ ಹತ್ತಿಸ್ರಿ. ಕಾಲೇಜ್ ಗೇಟ್ ತಂಕ ನನ್ನ ಜವಾಬ್ದಾರಿ. ಸಂಜೆ ನಿಮ್ಮ ಮನೆ ಮುಂದೆ ಇಳಿಸ್ತೀನಿ" ಎಂದರಂತೆ. ಅಪ್ಪ ಆ ಮಾತಿಗೆ ಒಪ್ಪಿದರು. ಹೊನ್ನಾಳಿಯಲ್ಲಿ ಬಸ್ಸು ಸ್ಟ್ಯಾಂಡಿಗೆ ಹೋಗುವ ಮುಂಚೆ ಕಾಲೇಜಿನ ಗೇಟಿನಲ್ಲಿ ಒಮ್ಮೆ ನಿಲ್ಲುತ್ತಿದ್ದದ್ದು ಹೀಗೆ. ನಾನು ಇವತ್ತು ಉಬ್ರಾಣಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ ಎಂದರೆ ಅದರ ಬುಡದಲ್ಲಿ ಆ ಟೀ ಅಂಗಡಿಯ ಮಾತಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅವರು ಬಸ್ಸು ಓಡಿಸುತ್ತಿದ್ದದ್ದು ನಿಧಾನ. "ಏನ್ರೀ, ಮದುಮಗಳನ್ನ ಕರ್ಕೊಂಡು ಹೋದಂಗೆ ಹೋಗ್ತೀರಲ್ಲ" ಎಂದು ಜನ ಕಾಡುತ್ತಿದ್ದರು. ಅವರು ನಗುತ್ತಿದ್ದರೇ ವಿನಾ ವೇಗ ಹೆಚ್ಚಿಸುತ್ತಿರಲಿಲ್ಲ. ತುಂಬು ಬಸುರಿ ಹತ್ತಿದರೆ ಹಂಪುಗಳ ಹತ್ತಿರ ಬಸ್ಸು ನಿಂತೇಹೋಯಿತೇನೋ ಅನ್ನಿಸಬೇಕು, ಹಾಗೆ ದಾಟಿಸುತ್ತಿದ್ದರು.

ದಾರಿಯಲ್ಲಿ ಕಾಲುವೆ ಸೇತುವೆಯ ಹತ್ತಿರ ಸ್ಟಾಪಿಲ್ಲದ ಒಂದು ಜಾಗದಲ್ಲಿ ಬಸ್ಸು ದಿನಾ ನಿಲ್ಲುತ್ತಿತ್ತು. ಅಲ್ಲಿ ವೀಳ್ಯದೆಲೆಯ ಪೆಂಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಎಲೆ ಅಣ್ಣ ಕಾಯುತ್ತಿರುತ್ತಿದ್ದ. ಹೊನ್ನಾಳಿಯ ಬೀದಿಬೀದಿ ನಡೆದು, ಅಂಗಡಿಗಳಿಗೂ ಮನೆಗಳಿಗೂ ಎಲೆ ಕೊಟ್ಟುಬರುವುದು ಅವನ ಕಸುಬು. ಹತ್ತುವ ಮುಂಚೆ ಡ್ರೈವರ್ ಕಿಟಕಿಗೆ ಬಂದು ಒಳ್ಳೆಯ ಎಲೆಗಳನ್ನು ಆರಿಸಿ ಕೊಡುತ್ತಿದ್ದ. ಮಾಮ ಅದನ್ನು ಬಾಯಿಗಿಟ್ಟು, "ಥೂ, ಏನು ಕಹಿ, ದನಕ್ಕೆ ಹಾಕೋ ಎಲೆ ತಂದೀಯಲ್ಲೋ" ಅನ್ನುತ್ತಿದ್ದರು. "ದನಕ್ಕೇ ಕೊಟ್ಟಿದ್ದು ಬಿಡು" ಎಂದು ಅವನು ಹಿಂದಕ್ಕೆ ಹೋಗಿ ಹತ್ತುತ್ತಿದ್ದ. ಚಿಕ್ಕಂದಿನಿಂದ ಜೊತೆಗೆ ಬೆಳೆದವರಂತೆ. ಈ ಜಗಳ ಕೇಳದಿದ್ದರೆ ನಮಗೆ ಬೆಳಗಾಗುತ್ತಿರಲಿಲ್ಲ.

ಮಾಮ ಕುಡಿಯುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಹಬ್ಬಕ್ಕೋ ಹರಕೆಗೋ ರಜೆ ಹಾಕಿದ ದಿನ ಒಂದಿಷ್ಟು ತಗೊಳ್ಳುತ್ತಿದ್ದರು. ಆದರೆ ಮಾರನೇ ದಿನ ಬಸ್ಸು ಇದ್ದರೆ ಹಿಂದಿನ ದಿನವೂ ಮುಟ್ಟುತ್ತಿರಲಿಲ್ಲ. ಬೇರೆ ಡ್ರೈವರುಗಳು ಕರೆದರೆ, "ಕೀ ನನ್ನ ಜೇಬಿನಾಗೆ ಐತೆ, ಇನ್ನೊಂದಿನ ನೋಡಾಣ" ಅನ್ನುತ್ತಿದ್ದರಂತೆ. ಬಸ್ಸಿನ ಮಾಲೀಕರು ಬೇರೆಯವರಿಗೆ ಬುದ್ಧಿ ಹೇಳುವಾಗಲೆಲ್ಲ ಇವರನ್ನೇ ತೋರಿಸುತ್ತಿದ್ದರು.

ನನ್ನ ಎರಡನೇ ಪಿಯುಸಿ ಪರೀಕ್ಷೆಯ ಹೊತ್ತಿಗೆ ಮಾಮನ ಮಗಳಿಗೆ ಗಂಡು ಗೊತ್ತಾಯಿತು. ಗಂಡಿನ ಕಡೆಯವರು ಜಗಳೂರಿನವರು. ಅಷ್ಟು ದೂರದಿಂದ ಬಂದವರು ಅವತ್ತೇ ಹಿಂದಿರುಗುವುದು ಹೇಗೆ? ನಿಶ್ಚಯ ಮುಗಿಸಿ, ಮಾಮನ ಮನೆಯಲ್ಲೇ ಉಳಿದರು. ಹೊಸ ಬೀಗರು ಮೊದಲ ಸಲ ಊಟಕ್ಕೆ ಕೂತಾಗ ಹೆಣ್ಣಿನ ತಂದೆ ಪಕ್ಕದಲ್ಲಿ ಕೂತು ಅವರ ಜೊತೆ ಒಂದು ಗ್ಲಾಸಾದರೂ ತಗೊಳ್ಳಬೇಕು ಎಂಬುದು ಅವರಲ್ಲಿ ನಡೆದುಬಂದದ್ದು. ತಗೊಳ್ಳದಿದ್ದರೆ ಬೀಗರನ್ನು ಕೀಳಾಗಿ ಕಂಡ ಹಾಗೆ. ಮಾಮ ಕೈ ಮುಗಿದು, "ಬೆಳಿಗ್ಗೆ ಬಸ್ ಐತ್ರಿ, ನನ್ನ ಬಿಟ್ಟುಬಿಡ್ರಿ" ಎಂದರಂತೆ. "ನೀವು ಮುಟ್ಲಿಲ್ಲ ಅಂದ್ರೆ ನಾವು ಎಲೆ ಮುಂದೆ ಕೂರಲ್ಲ ನೋಡ್ರಿ. ಬೆಳಿಗ್ಗೆ ತಂಕ ಎಲ್ಲಾ ಇಳಿದು ಹೋಗ್ತೈತೆ" ಎಂದು ಬೀಗರು ಪಟ್ಟು ಹಿಡಿದರಂತೆ. ಮಗಳ ಮದುವೆಯ ವಿಚಾರ. ಒಂದು ಗ್ಲಾಸು ಒಂದರಲ್ಲೇ ನಿಲ್ಲಲಿಲ್ಲ. ಇದನ್ನೆಲ್ಲ ಆಮೇಲೆ ಕಂಡಕ್ಟರ್ ಅಣ್ಣ ಹೇಳಿದ್ದು. ಅವನೂ ಆ ಊಟಕ್ಕೆ ಹೋಗಿದ್ದ.

ಬೀಗರಿಗೆ ಸೋತು ಗ್ಲಾಸು ಹಿಡಿಯುವ ಮುಂಚೆ ಮಾಮ ಯೋಚಿಸಿ, ಆ ಬೆಳಗಿಗೆ ಬದಲಿ ಡ್ರೈವರ್ ಒಬ್ಬನಿಗೆ ಹೇಳಿ ಕಳಿಸಿದ್ದರು. ಅವನು ಬರಲಿಲ್ಲ. ಬೇರೆ ದಿನವಾಗಿದ್ದರೆ ಟ್ರಿಪ್ಪೇ ಬಿಟ್ಟುಬಿಡುತ್ತಿದ್ದರೋ ಏನೋ... ಅವತ್ತು ನಮಗೆ ಪರೀಕ್ಷೆ. ಕಂಡಕ್ಟರ್ ಅಣ್ಣನೇ, "ಇವತ್ತೊಂದಿನ ಬಿಡಣ್ಣ" ಎಂದನಂತೆ. "ಮಕ್ಕಳು ಪರೀಕ್ಷೆಗೆ ಹೆಂಗೆ ಹೋಗ್ಬೇಕೋ? ನಡ್ಕಂಡು ಹೋಗ್ತಾವೇನು?" ಎಂದು ಬೈದು ಮಾಮ ತಣ್ಣೀರು ಸುರಿದುಕೊಂಡರು, ನಿಂಬೆಹಣ್ಣು ಹಿಂಡಿದ ಮಜ್ಜಿಗೆ ಕುಡಿದರು, ಹಣೆಗೆ ವಿಭೂತಿ ಇಟ್ಟರು. ಇಷ್ಟು ಮಾಡಿದರೆ ಮೈ ತೊಳೆದ ಹಾಗೆ ಎಂದು ಅವರು ನಂಬಿದ್ದರು. ಸುತ್ತಲಿನ ಊರುಗಳಲ್ಲಿ ಹಾಗೆ ನಂಬದವರನ್ನು ನಾನು ಇವತ್ತಿಗೂ ಕಂಡಿಲ್ಲ.

ನಾನು ಎಂದಿನಂತೆ ಬಾನೆಟ್ ಮೇಲೆ ಕೂತೆ. ಹಾರ ಹೊಸದು, ದವನ ಘಮಘಮ ಅನ್ನುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು, ಹುಳಿಹುಳಿಯಾಗಿ. ನನಗೊಬ್ಬಳಿಗೇ ಅಲ್ಲ, ಮುಂದೆ ಕೂತವರಿಗೆಲ್ಲ ಗೊತ್ತಾಗಿತ್ತು. ಮೊದಲ ಸೀಟಿನ ಹಿರಿಯರೊಬ್ಬರು, "ಏನ್ರೀ, ಬೀಗರು ಜೋರಾಗೇ ವಿಚಾರಿಸ್ಕೊಂಡಂಗೆ ಐತೆ" ಎಂದು ಕಾಲೆಳೆದರು. "ಸುಮ್ನಿರ್ರೀ ಮಾರಾಯ್ರಾ, ಹುಡುಗ್ಯಾರು ಅದಾರೆ" ಎಂದು ಮಾಮ ನಾಚಿಕೊಂಡರು. ಬಸ್ಸಿಗೆ ಬಸ್ಸೇ ನಕ್ಕಿತು. ನಾವೂ ನಕ್ಕೆವು. ಅವರ ಮಾತು ತೊದಲುತ್ತಿರಲಿಲ್ಲ, ನಡಿಗೆ ತಪ್ಪಿರಲಿಲ್ಲ, ಕಣ್ಣು ಮಾತ್ರ ನಿದ್ದೆಗೆಟ್ಟು ಕೆಂಪಗಿದ್ದವು. ಕುಡಿದವರೆಂದರೆ ತೂರಾಡುವವರು, ಬೈಯುವವರು, ಚರಂಡಿಯಲ್ಲಿ ಬೀಳುವವರು ಎಂದು ತಿಳಿದಿದ್ದ ಜನ ನಾವು. ವಿಭೂತಿ ಇಟ್ಟುಕೊಂಡು, ದೇವರಿಗೆ ಹಾರ ಹಾಕಿ, ಮಕ್ಕಳ ಪರೀಕ್ಷೆಗೆಂದು ಬಂದ ಮನುಷ್ಯನನ್ನು ಆ ಲೆಕ್ಕಕ್ಕೆ ಸೇರಿಸಲು ಯಾರಿಗೂ ಹೊಳೆಯಲಿಲ್ಲ. ಈಗ ನೆನೆದರೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ಕಾಲುವೆ ಸೇತುವೆ ಬಂತು. ಎಲೆ ಅಣ್ಣ ಎಂದಿನ ಜಾಗದಲ್ಲಿ, ಟಾರು ಬಿಟ್ಟು ಮಣ್ಣಿನ ಮೇಲೆ ನಿಂತು ಕೈ ಎತ್ತಿದ. ಮಾಮ ಅವನನ್ನು ನೋಡಿದರು. ನೋಡಿದರು ಎಂದು ನಾನು ಖಂಡಿತ ಹೇಳಬಲ್ಲೆ, ಯಾಕೆಂದರೆ "ಬಂದ ನೋಡು ನಮ್ಮ ಎಲೆ ಸಾಹುಕಾರ" ಎಂದು ನನ್ನ ಕಡೆ ತಿರುಗಿ ನಕ್ಕರು. ನಕ್ಕಾದ ಮೇಲೆ ಬ್ರೇಕ್ ಒತ್ತಿದರು. ಆ ನಗುವಿಗೂ ಆ ಬ್ರೇಕಿಗೂ ನಡುವೆ ಎಷ್ಟು ಹೊತ್ತು ಹೋಯಿತು... ಬೇರೆ ದಿನಗಳಲ್ಲಿ ಅವರ ಬಾಯಿ ಮಾತಾಡುತ್ತಿರುವಾಗಲೇ ಕಾಲು ತನ್ನ ಕೆಲಸ ಮಾಡಿ ಮುಗಿಸಿರುತ್ತಿತ್ತು. ಅವತ್ತು ಕಾಲು ತಡ ಮಾಡಿತು. ಬಸ್ಸು ಟಾರಿನ ಅಂಚಿನಿಂದ ಎಡಕ್ಕೆ ಜಾರಿತು. ನಾನು ಮುಂದಿನ ಕಂಬಿಗೆ ಹೋಗಿ ಬಡಿದುಕೊಂಡೆ.

ಇಳಿದು ನೋಡಿದಾಗ ರಸ್ತೆಯ ತುಂಬ ಹಸಿರು ಎಲೆಗಳು. ಎಲೆ ಅಣ್ಣನ ಬಲಗಾಲು ಚಕ್ರಕ್ಕೆ ಸಿಕ್ಕಿತ್ತು. ಮಾಮ ಎಲ್ಲರಿಗಿಂತ ಮುಂಚೆ ಇಳಿದು, ತಮ್ಮ ಟವೆಲ್ಲಿನಿಂದ ಅವನ ಮಂಡಿಯ ಮೇಲೆ ಬಿಗಿಯಾಗಿ ಕಟ್ಟುತ್ತಿದ್ದರು. ಎಲೆ ಅಣ್ಣ ಅವರ ಅಂಗಿ ಹಿಡಿದುಕೊಂಡು ಕೂಗುತ್ತಿದ್ದ. ಅವನನ್ನು ಒಂದು ಜೀಪಿಗೆ ಹತ್ತಿಸಿದ ಮೇಲೆ ಮಾಮ ರಸ್ತೆಯ ನಡುವೆ ನಿಂತು ಒಂದು ಭತ್ತದ ಲಾರಿಗೆ ಅಡ್ಡ ಕೈ ಹಾಕಿದರು. ಅಳುತ್ತಿದ್ದ ನಮ್ಮನ್ನೆಲ್ಲ ಕಂಡಕ್ಟರ್ ಅಣ್ಣನ ಜೊತೆ ಅದಕ್ಕೆ ಹತ್ತಿಸಿ, "ಅಳಬ್ಯಾಡ್ರವ್ವ, ಪರೀಕ್ಷೆ ತಪ್ಪಿಸ್ಕಬ್ಯಾಡ್ರಿ, ನಡೀರಿ" ಎಂದರು. ಅಂಗಿಯ ಮೇಲೆಲ್ಲ ರಕ್ತ. ಆಮೇಲೆ ಅವರೂ ಇನ್ನೊಂದು ಗಾಡಿ ಹಿಡಿದು ಆಸ್ಪತ್ರೆಗೆ ಹೋದರು. ಅವತ್ತಿನ ಪ್ರಶ್ನೆಪತ್ರಿಕೆಯಲ್ಲಿ ಏನಿತ್ತು ಎಂದು ಕೇಳಿದರೆ ನನಗೆ ಒಂದೂ ನೆನಪಿಲ್ಲ. ಪಾಸಾದೆ, ಅಷ್ಟೇ.

ಆಸ್ಪತ್ರೆಯಲ್ಲಿ ನಡೆದದ್ದನ್ನು ಅಪ್ಪ ಹೇಳಿದ್ದು. ಸುದ್ದಿ ಕೇಳಿ ನನ್ನನ್ನು ಹುಡುಕಿಕೊಂಡು ಓಡಿಬಂದಿದ್ದ ಅಪ್ಪ, ನಾನು ಪರೀಕ್ಷೆಗೆ ಕೂತಿದ್ದೇನೆ ಎಂದು ತಿಳಿದ ಮೇಲೆ ಅಲ್ಲೇ ಉಳಿದಿದ್ದರು. ಅಷ್ಟರಲ್ಲಿ ಬಸ್ಸಿನ ಮಾಲೀಕರೂ ಬಂದರು. ಜೊತೆಯಲ್ಲಿ ಇನ್ನೊಬ್ಬ ಡ್ರೈವರನನ್ನು ಕರೆತಂದಿದ್ದರು. ಇದು ಆ ಕಡೆಯ ಖಾಸಗಿ ಬಸ್ಸುಗಳಲ್ಲಿ ಹಳೆಯ ರೂಢಿ ಎಂದು ಅಪ್ಪನಿಗೂ ಗೊತ್ತಿತ್ತು. ಓಡಿಸಿದವನು ಕುಡಿದಿದ್ದರೆ ಅವನನ್ನು ಊರಿಗೆ ಅಟ್ಟಿ, ಕುಡಿಯದವನೊಬ್ಬ ಹೋಗಿ "ನಾನೇ ಓಡಿಸಿದ್ದು" ಎಂದು ಸ್ಟೇಷನ್ನಿನಲ್ಲಿ ಹಾಜರಾಗುವುದು. ಸಂಜೆಯ ಹೊತ್ತಿಗೆ ನಿಜವಾದ ಡ್ರೈವರನ ರಕ್ತ ತಾನೇ ತಿಳಿಯಾಗಿರುತ್ತದೆ, ಆಮೇಲೆ ಯಾರು ಏನು ಹುಡುಕಿದರೂ ಸಿಗುವುದಿಲ್ಲ.

"ನೀನು ಹಿಂದಿನ ಗೇಟಿಂದ ಊರಿಗೆ ಹೋಗು. ಇವನು ಸ್ಟೇಷನ್ನಿಗೆ ಹೋಗ್ತಾನೆ. ಎಲೆಯವನೇ ಅಡ್ಡ ಓಡಿ ಬಂದ ಅಂತ ಬಸ್ಸಿನೋರು ಹೇಳ್ತಾರೆ" ಎಂದು ಮಾಲೀಕರು ಪಿಸುಗುಟ್ಟಿದರು. ಅಲ್ಲಿದ್ದ ಪ್ರಯಾಣಿಕರು ತಲೆಯಾಡಿಸಿದರು. ಅಪ್ಪನೂ ತಲೆಯಾಡಿಸಿದರು. ಯಾರೂ ದುಡ್ಡಿಗೆ ಬಿದ್ದವರಲ್ಲ, ಯಾರೂ ಕೆಟ್ಟವರಲ್ಲ. ಇಷ್ಟು ವರ್ಷ ತಮ್ಮ ಮಕ್ಕಳನ್ನು ಹುಷಾರಾಗಿ ಕರೆದುಕೊಂಡು ಹೋದ ಮನುಷ್ಯನನ್ನು ಉಳಿಸಿಕೊಳ್ಳಬೇಕು ಎಂಬ ಪ್ರೀತಿ. ಅಷ್ಟು ಪ್ರೀತಿಯಿಂದ ಒಬ್ಬ ಬಡವನ ಕಾಲಿನ ಮೇಲೆ ಸುಳ್ಳು ಹೇಳಲು ಅವರು ತಯಾರಾಗಿದ್ದರು.

ಮಾಮ ಬೆಂಚಿನಿಂದ ಏಳಲಿಲ್ಲವಂತೆ. "ಅವನೇ ಅಡ್ಡ ಬಂದ ಅಂದ್ರೆ ಅವನಿಗೆ ಪರಿಹಾರ ಸಿಗ್ತೈತೇನ್ರೀ?" ಎಂದು ಕೇಳಿದರು. ಮಾಲೀಕರು ಹಿಂದಿನ ಗೇಟಿನ ಕಡೆ ಕೈ ತೋರಿಸಿದರು. "ಅವನು ಮಣ್ಣಿನ ಮ್ಯಾಲೆ ನಿಂತಿದ್ದ ಕಣ್ರೀ. ರಸ್ತೇಗೆ ಬಂದೇ ಇಲ್ಲ. ಬಸ್ಸೇ ಅವನ ಹತ್ರ ಹೋತು" ಎಂದರು. ಮಾಲೀಕರು ರೇಗಿ, "ಜೈಲಿಗೆ ಹೋಗ್ತೀಯ, ಲೈಸೆನ್ಸ್ ಹೋಗ್ತೈತೆ, ಮಗಳ ಮದುವೆ ಐತೆ, ತಲೆ ಕೆಟ್ಟೈತಾ ನಿನಗೆ" ಎಂದು ಭುಜ ಹಿಡಿದು ಎಳೆದರಂತೆ. ಅಷ್ಟು ಹೊತ್ತಿಗೆ ಪೊಲೀಸರೊಬ್ಬರು ಒಳಗೆ ಬಂದರು. ಮಾಮ ಎದ್ದು ಅಂಗಿಯ ತೋಳು ಮಡಚಿ ಕೈ ಚಾಚಿದರು. "ಸಾರ್, ಬಸ್ಸು ಓಡಿಸಿದ್ದು ನಾನೇ. ರಾತ್ರಿ ಕುಡಿದಿದ್ದೆ. ಇಳಿದು ಹೋಗೋಕೆ ಮುಂಚೆ ರಕ್ತ ತಗಂಬಿಡ್ರಿ." ಅಪ್ಪ ಈ ಮಾತನ್ನು ನನಗೆ ಎಷ್ಟೋ ಸಲ ಹೇಳಿದ್ದಾರೆ. ಪ್ರತಿ ಸಲವೂ ಇಲ್ಲಿಗೆ ಬಂದಾಗ ಅವರ ದನಿ ಕೆಳಗಿಳಿಯುತ್ತಿತ್ತು.

ಎಲೆ ಅಣ್ಣನ ಕಾಲನ್ನು ಡಾಕ್ಟರು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಮಾಮನ ರಕ್ತದಲ್ಲಿ ಇರಬಾರದಷ್ಟು ಇತ್ತು. ರಾತ್ರಿ ಕುಡಿದದ್ದು, ಬೆಳಿಗ್ಗೆ ಸ್ನಾನ ಮಾಡಿದ್ದು, ಮಜ್ಜಿಗೆ ಕುಡಿದದ್ದು ಯಾವುದನ್ನೂ ಕಾನೂನು ಕೇಳುವುದಿಲ್ಲ. ಚಕ್ರ ತಿರುಗುವಾಗ ಮೈಯಲ್ಲಿ ಎಷ್ಟಿತ್ತು ಎಂಬುದನ್ನಷ್ಟೇ ಕೇಳುತ್ತದೆ. ಕುಡಿದು ಓಡಿಸಿದ್ದಕ್ಕೆ ಒಂದು, ಅಜಾಗರೂಕತೆಯಿಂದ ಒಬ್ಬರ ಕಾಲು ಕಳೆದದ್ದಕ್ಕೆ ಇನ್ನೊಂದು, ಹೀಗೆ ಕೇಸು ನಡೆಯಿತು. ವಕೀಲರು ಏನಾದರೂ ಹೇಳಿಸಲು ನೋಡಿದರೂ ಮಾಮ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡುಬಿಟ್ಟರು. ದಂಡ ಬಿತ್ತು, ಕೆಲವು ತಿಂಗಳು ಜೈಲಾಯಿತು, ಲೈಸೆನ್ಸು ರದ್ದಾಯಿತು. ಎಲೆ ಅಣ್ಣನಿಗೆ ಇನ್ಶೂರೆನ್ಸಿನವರು ಪರಿಹಾರ ಕೊಟ್ಟರು. ಆದರೆ ಡ್ರೈವರ್ ಕುಡಿದಿದ್ದರಿಂದ ಕರಾರು ಮುರಿದ ಹಾಗಾಯಿತೆಂದು ಆ ಹಣವನ್ನು ಬಸ್ಸಿನ ಮಾಲೀಕರಿಂದಲೇ ವಸೂಲು ಮಾಡಿದರು. ಮಾಲೀಕರು ಹೊನ್ನಾಳಿಯ ತುಂಬ ಮಾಮನಿಗೆ ಶಾಪ ಹಾಕಿಕೊಂಡು ತಿರುಗಿದರು.

ಜಗಳೂರಿನ ಬೀಗರು? ಕುಡಿದು ಗಾಡಿ ಓಡಿಸಿ ಜೈಲಿಗೆ ಹೋದವನ ಮನೆಯ ಹೆಣ್ಣು ತಮಗೆ ಬೇಡ ಎಂದು ಹೇಳಿ ಕಳಿಸಿದರು. ಗ್ಲಾಸು ತುಂಬಿ ಕೈಗೆ ಕೊಟ್ಟವರು ಇವರೇ ಎಂದು ಕೇಳುವ ಬಾಯಿ ಅವತ್ತು ಯಾರಿಗೂ ಇರಲಿಲ್ಲ. ಆ ಅಕ್ಕನಿಗೆ ಮುಂದೆ ನ್ಯಾಮತಿ ಕಡೆ ಮದುವೆಯಾಯಿತು, ಚೆನ್ನಾಗಿದ್ದಾಳೆ. ಆ ಮದುವೆಯ ಊಟದಲ್ಲಿ ಮಾಮ ಬೀಗರಿಗೆ ಪಾನಕ ಕೊಟ್ಟರಂತೆ. ಹೊಸ ಬೀಗರು ಮೂಗು ಮುರಿದರೂ ಕುಡಿದರಂತೆ.

ಬಸ್ಸು ಅದೇ, ಡ್ರೈವರ್ ಬೇರೆ ಬಂದ. ಅವನು ಬಾನೆಟ್ ಮೇಲೆ ತನ್ನ ಗೆಳೆಯರನ್ನು ಕೂರಿಸಿಕೊಂಡ. ಹಾರ ಒಣಗಿದರೂ ತೆಗೆಯುತ್ತಿರಲಿಲ್ಲ. ಅಪ್ಪ ನನ್ನ ಓದು ನಿಲ್ಲಿಸುತ್ತಾರೆ ಎಂದೇ ನಾನು ತಿಳಿದಿದ್ದೆ. ನಿಲ್ಲಿಸಲಿಲ್ಲ. ಡಿಗ್ರಿಗೆ ಅರ್ಜಿ ತಂದುಕೊಟ್ಟು, "ಅವನು ಇನ್ನೂ ಬಸ್ಸಿನಾಗೆ ಅದಾನೆ ಅಂದ್ಕೊಂಡು ಹೋಗಿ ಬಾ" ಎಂದರು. ಆಸ್ಪತ್ರೆಯಲ್ಲಿ ತಲೆಯಾಡಿಸಿದ್ದು ಅವರನ್ನು ಒಳಗೊಳಗೇ ತಿನ್ನುತ್ತಿತ್ತೇನೋ. ನಾನು ಹೋಗಿ ಬಂದೆ. ಆದರೆ ಮಾಮ ಇದ್ದಾರೆ ಅಂದುಕೊಳ್ಳಲು ಆಗಲಿಲ್ಲ. ಆ ಮೂರು ವರ್ಷ ದಿನಾ ಬೆಳಿಗ್ಗೆ ಆ ಸೀಟಿನಲ್ಲಿ ಬೇರೆಯವನ ಬೆನ್ನು ಕಂಡು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತಿದ್ದೆ.

ಜೈಲಿನಿಂದ ಬಂದ ಮೇಲೆ ಅವರು ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವ ಕೆಲಸಕ್ಕೆ ನಿಂತರು. "ನ್ಯಾಮತಿ, ನ್ಯಾಮತಿ, ನ್ಯಾಮತಿ ಯಾರ್ರೀ" ಎನ್ನುವ ಅವರ ದನಿ ಮೊದಲ ದಿನ ಕಿವಿಗೆ ಬಿದ್ದಾಗ ನಾನು ಕಾಲೇಜು ಮರೆತು ನಿಂತೆ. ತೆಳ್ಳಗಾಗಿದ್ದರು. ನನ್ನನ್ನು ನೋಡಿ, "ಓದು ಎಲ್ಲೀ ತಂಕ ಬಂತವ್ವ?" ಎಂದು ಕೇಳಿದರು, ನಿನ್ನೆಯಷ್ಟೇ ಬಸ್ಸಿನಿಂದ ಇಳಿಸಿ ಹೋದವರ ಹಾಗೆ. ನಾನು ಏನೋ ಹೇಳಿದೆ. ಏನು ಹೇಳಿದೆನೋ...

ಸ್ಟ್ಯಾಂಡಿನ ಮೂಲೆಯಲ್ಲಿ ಎಲೆ ಅಣ್ಣ ಪರಿಹಾರದ ಹಣದಿಂದ ಸಣ್ಣ ಎಲೆ ಅಂಗಡಿ ಇಟ್ಟುಕೊಂಡಿದ್ದ. ಬೀದಿ ತಿರುಗುವ ಕಸುಬು ಮುಗಿದಿತ್ತು, ಈಗ ಕೂತಲ್ಲೇ ವ್ಯಾಪಾರ. ದಿನಾ ಬೆಳಿಗ್ಗೆ ನಮ್ಮ ಬಸ್ಸಿನ ಮೇಲೆ ಅವನ ಪೆಂಡಿಗಳು ಬರುತ್ತಿದ್ದವು. ಮಾಮ ಏಣಿ ಹತ್ತಿ ಅವನ್ನು ಇಳಿಸಿ, ತಲೆಯ ಮೇಲೆ ಹೊತ್ತು ತಂದು, ಅವನ ಕೈಗೆ ಎಟುಕುವ ಹಾಗೆ ಜೋಡಿಸಿಟ್ಟು ಹೋಗುತ್ತಿದ್ದರು. ಎಲೆ ಅಣ್ಣ ಅವರ ಮುಖ ನೋಡುತ್ತಿರಲಿಲ್ಲ. ಬೇಡ ಎನ್ನುತ್ತಿರಲಿಲ್ಲ, ಬಾ ಎನ್ನುತ್ತಿರಲಿಲ್ಲ. ಒಂದು ಕಾಲದಲ್ಲಿ ಕಹಿ ಎಲೆಗೆ ಜಗಳ ಆಡುತ್ತಿದ್ದ ಇಬ್ಬರ ನಡುವೆ ಒಂದು ಮಾತೂ ಇರಲಿಲ್ಲ. ನೋಡುವವರಿಗೇ ಹಿಂಸೆ.

ಬಿ.ಎಡ್. ಮುಗಿಸಿದ ಮೇಲೆ ಒಮ್ಮೆ ನ್ಯಾಮತಿಗೆ ಹೋಗುವಾಗ ಬಸ್ಸಿನಲ್ಲಿ ಅವರೂ ಸಿಕ್ಕಿದರು, ಮಗಳ ಮನೆಗೆ ಹೊರಟಿದ್ದರು. ಡ್ರೈವರ್ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತೆವು. ಪ್ರತಿ ತಿರುವಿಗೂ ಅವರ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಯಾರಾದರೂ ರಸ್ತೆ ಬದಿಗೆ ನಿಂತದ್ದು ಕಂಡರೆ, ಡ್ರೈವರ್ ಬ್ರೇಕ್ ಹಾಕುವ ಎಷ್ಟೋ ಮುಂಚೆ ಇವರ ಕಾಲು ಒತ್ತಿರುತ್ತಿತ್ತು. ನನಗೆ ನೋಡಲಾಗಲಿಲ್ಲ. "ಮಾಮ, ಲೈಸೆನ್ಸ್ ಮತ್ತೆ ಮಾಡಿಸಬಹುದಂತಲ್ಲ, ಇಷ್ಟು ದಿನ ಆಯಿತಲ್ಲ" ಎಂದೆ.

"ಅರ್ಜಿ ಹಾಕಿದ್ರೆ ಕೊಡ್ತಾರಂತವ್ವ. ನನಗೆ ಲೈಸೆನ್ಸ್ ಕೊಡಾಕೆ ಆಫೀಸ್ ಐತೆ. ಅವನಿಗೆ ಕಾಲು ಕೊಡಾಕೆ ಯಾವ ಆಫೀಸ್ ಐತೆ?" ಎಂದರು. ಮುಂದಿನ ಕಂಬಿ ಹಿಡಿದುಕೊಂಡು, "ಆಸೆ ಇಲ್ಲ ಅಂತಲ್ಲ. ಕನಸಿನಾಗೆ ದಿನಾ ಓಡಿಸ್ತೀನಿ. ಸೇತುವೆ ಬರೋ ಹೊತ್ತಿಗೆ ಎಚ್ಚರ ಆಗಿಬಿಡ್ತೈತೆ" ಎಂದರು. ಇಳಿಯುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಉಬ್ರಾಣಿಯಲ್ಲಿ ಕೆಲಸ, ಚನ್ನಗಿರಿಯಲ್ಲಿ ಮನೆ, ಮಕ್ಕಳು ಎಂದು ವರ್ಷಗಳು ಓಡಿದವು. ಹೋದ ವರ್ಷ ಅಮ್ಮ ಫೋನಿನಲ್ಲಿ ಅದೂ ಇದೂ ಹೇಳುತ್ತಾ, "ನಿಮ್ಮ ಡ್ರೈವರ್ ಮಾಮ ಹಾಸಿಗೆ ಹಿಡಿದು ಹೋದ್ರಂತೆ, ತಿಂಗಳಾತಂತೆ" ಎಂದರು. ಅಷ್ಟು ತಡವಾಗಿ ತಿಳಿದ ಸಾವಿಗೆ ಎಲ್ಲಿಗೆ ಹೋಗಿ ಅಳುವುದು? ಅವತ್ತು ಶಾಲೆಯಲ್ಲಿ ಪಾಠ ಮಾಡಿದೆ, ಮನೆಗೆ ಬಂದು ಅನ್ನಕ್ಕಿಟ್ಟೆ. ದುಃಖ ಎಲ್ಲೋ ಒಳಗೆ ಉಳಿದುಹೋಗಿತ್ತು. ಕಳೆದ ವಾರ ಒಂದು ಹಿಡಿ ದವನ ಅದನ್ನು ಎಬ್ಬಿಸಿತು.

ಮನಸ್ಸು ತಡೆಯದೇ ಈ ಭಾನುವಾರ ಹೊನ್ನಾಳಿಗೆ ಹೋಗಿದ್ದೆ. ಎಲೆ ಅಣ್ಣನ ಅಂಗಡಿ ಅಲ್ಲೇ ಇದೆ. ಅವನಿಗೆ ವಯಸ್ಸಾಗಿದೆ, ಊರುಗೋಲು ಪಕ್ಕದಲ್ಲಿ ಒರಗಿಸಿತ್ತು. ಗುರುತು ಹೇಳಿದೆ. "ಬಾನೆಟ್ ಮ್ಯಾಲೆ ಕೂರ್ತಿದ್ದ ಹುಡುಗೀನಾ?" ಎಂದು ನೀರು ಚಿಮುಕಿಸಿದ ಎಲೆಗಳನ್ನು ಸರಿಸಿ ಸ್ಟೂಲು ಕೊಟ್ಟ. ಇಬ್ಬರಿಗೂ ಯಾರ ಮಾತು ಎತ್ತಬೇಕು ಎಂದು ಗೊತ್ತಿತ್ತು. ಕೊನೆಗೆ ಅವನೇ ಎತ್ತಿದ.

"ಅವತ್ತು ಅವನು ಸುಳ್ಳು ಹೇಳಿ ತಪ್ಪಿಸ್ಕಂಡಿದ್ರೆ ನಾನು ಸಾಯೋ ತಂಕ ಅವನ್ನ ಬೈಕಂತಾ ಹಗುರಾಗಿರ್ತಿದ್ದೆ. ನಿಜ ಹೇಳಿ ನನ್ನ ಬಾಯಿ ಕಟ್ಟಿಬಿಟ್ಟ. ಅವನಿಂದಾನೇ ಈ ಅಂಗಡಿ. ಅವನಿಂದಾನೇ ಈ ಕಾಲು. ಇದ್ರಾಗೆ ಯಾವ್ದಕ್ಕೆ ಏನಂತ ಮಾತಾಡ್ಲಿ ಹೇಳವ್ವ?" ಎಂದ.

"ಹಾಸಿಗೆ ಹಿಡಿದಾಗ ನೋಡೋಕೆ ಹೋಗಿದ್ದಿರಾ?" ಎಂದು ಕೇಳಿದೆ.

ಅವನು ಎಲೆಯೊಂದರ ತೊಟ್ಟು ಮುರಿದ. "ಹೋದೆ. ಆಟೋ ಮಾಡ್ಕಂಡು ಅವನ ಮನೆ ಬಾಗಿಲ ತಂಕ ಹೋದೆ. ಒಳಗೆ ಅವನು ಕೆಮ್ಮೋದು ಕೇಳಿಸ್ತಿತ್ತು. ಆಟೋದೋನು ಇಳೀರಿ ಅಂದ. ನಂಗೆ ಇಳಿಯಾಕೆ ಆಗ್ಲಿಲ್ಲ. ಮನಸ್ಸು ಬರ್ಲಿಲ್ಲ. ನಾಳೆ ಬರಾಣ ಅಂತ ಹಂಗೇ ತಿರುಗಿಸ್ಕಂಡು ಬಂದೆ." ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡ. "ಈಗ ದಿನಾ ಇಳೀಬೇಕು ಅನ್ಸ್ತೈತೆ. ಯಾರ ಮನೆ ಮುಂದೆ ಇಳೀಲಿ?"

ಸ್ಟ್ಯಾಂಡಿನಲ್ಲಿ ಯಾರೋ ಹೊಸಬ ನ್ಯಾಮತಿ ಎಂದು ಕೂಗುತ್ತಿದ್ದ, ಜನ ಓಡಿ ಹತ್ತುತ್ತಿದ್ದರು. ಒಂದು ಕಾಲು ಕಳೆದುಕೊಂಡವನೂ, ಓದು ಪಡೆದುಕೊಂಡವಳೂ ಒಂದೇ ಅಂಗಡಿಯ ನೆರಳಿನಲ್ಲಿ ಕೂತು ಅತ್ತೆವು. ಇಬ್ಬರಿಗೂ ಬೇಕಾಗಿದ್ದವರು ಮಾಮ ಒಬ್ಬರೇ.